ಡ್ರೋನ್ ಹಾರಿಸಿದವರ ಕಡತ ಕೇಳಿ

ಗಣಪತಿ ವಿಸರ್ಜನೆ, ಈದ್ ಮೆರವಣಿಗೆ, ಊರ ತೇರು, ಚುನಾವಣೆಯ ರೋಡ್ ಶೋ, ಯಾವುದೇ ಇರಲಿ, ಪೊಲೀಸ್ ಬಂದೋಬಸ್ತಿನ ಸುದ್ದಿಯಲ್ಲಿ ಈಗ ‘ಡ್ರೋನ್ ಕಣ್ಗಾವಲು’ ಇದ್ದೇ ಇರುತ್ತದೆ. ಎಷ್ಟು ಹೋಂಗಾರ್ಡ್, ಎಷ್ಟು ಕೆಎಸ್‌ಆರ್‌ಪಿ ತುಕಡಿ, ಎಷ್ಟು ಡ್ರೋನ್ ಎಂದು ಅಧಿಕಾರಿಗಳು ಲೆಕ್ಕ ಕೊಡುತ್ತಾರೆ, ಪತ್ರಿಕೆಗಳು ಅಚ್ಚು ಹಾಕುತ್ತವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ಡ್ರೋನನ್ನು ಯಾರ ಸಹಿಯ ಮೇಲೆ ಹಾರಿಸಿದರು, ಸೆರೆಹಿಡಿದ ವಿಡಿಯೊ ಯಾವ ಕಂಪ್ಯೂಟರಿನಲ್ಲಿದೆ, ಅದನ್ನು ಯಾರು ಯಾರು ನೋಡಬಹುದು, ಯಾವತ್ತು ಅಳಿಸುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಕೇಳಬೇಕು. ಅದಕ್ಕೆ ವಕೀಲರು ಬೇಕಿಲ್ಲ, ದೊಡ್ಡ ಸಂಘಟನೆಯೂ ಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಮತ್ತು ತಾಳ್ಮೆ ಸಾಕು. ಸರ್ಕಾರಿ ಡ್ರೋನ್ ಆಕಾಶದಲ್ಲಿ ಕಾಣುವುದು ಸ್ವಲ್ಪ ಹೊತ್ತು ಮಾತ್ರ. ಆದರೆ ಅದು ಮೇಲೇಳುವ ಮೊದಲೂ ಕೆಳಗಿಳಿದ ಮೇಲೂ ಕಾಗದ ಹುಟ್ಟುತ್ತದೆ. ಖರೀದಿಯ ಟೆಂಡರ್, ಹಣದ ಮಂಜೂರಾತಿ, ನಿಯೋಜನೆಯ ಆದೇಶ, ಹಾರಾಟದ ಲಾಗ್, ಸಂಗ್ರಹದ ವಿವರ. ನಾಗರಿಕರಾಗಿ ನಾವು ಹಿಡಿಯಬೇಕಾದದ್ದು ಆ ಕಾಗದವನ್ನು.

ಡ್ರೋನ್ ಬೇಡವೇ ಬೇಡ ಎನ್ನುವ ವಾದ ನನ್ನದಲ್ಲ. ನೆರೆ ಬಂದಾಗ ಮಾಳಿಗೆಯ ಮೇಲೆ ಸಿಕ್ಕಿಕೊಂಡವರನ್ನು, ಕಾಡಿನಲ್ಲಿ ದಾರಿ ತಪ್ಪಿದ ಚಾರಣಿಗರನ್ನು ಹುಡುಕಲು ಅದು ಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಂಥ ದಿನಗಳಲ್ಲಿ ಯಾವ ಗೇಟಿನ ಹತ್ತಿರ ಜನ ಒತ್ತೊತ್ತಾಗುತ್ತಿದ್ದಾರೆ ಎಂದು ಮೇಲಿನಿಂದ ನೋಡುವುದಕ್ಕೆ ಯಾರ ತಕರಾರೂ ಇರಲಾರದು. ಆದರೆ ಗುಂಪಿನ ಒತ್ತಡ ಅಳೆಯಲು ಯಾರ ಮುಖವೂ ಬೇಕಿಲ್ಲ. ಧರಣಿ ಕೂತವರ ಒಂದೊಂದು ಮುಖವನ್ನೂ ಜೂಮ್ ಮಾಡಿ ತೆಗೆದಿಟ್ಟುಕೊಳ್ಳುವುದು ಬೇರೆಯೇ ಕೆಲಸ. ಎರಡನ್ನೂ ಮಾಡುವುದು ಅದೇ ಯಂತ್ರ, ಕೆಳಗೆ ನಿಂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಕಡತ ಬೇಕು.

ಕಾನೂನಿನಲ್ಲಿರುವ ಖಾಲಿ ಜಾಗ

ನಿಮ್ಮ ಫೋನ್ ಕದ್ದಾಲಿಸಬೇಕಾದರೆ ಪೊಲೀಸರಿಗೆ ಒಂದು ದಾರಿ ಹಾಕಿಕೊಟ್ಟಿದೆ. 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕು, ಆದೇಶಕ್ಕೆ ಎರಡು ತಿಂಗಳ ಆಯಸ್ಸು, ವಿಸ್ತರಿಸಿದರೂ ಆರು ತಿಂಗಳು ಮೀರಬಾರದು, ಪ್ರತಿಯೊಂದು ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು ಎಂದಿತು. ಪೊಲೀಸ್ ಠಾಣೆಯ ಸಿಸಿಟಿವಿಗೂ ನಿಯಮವಿದೆ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ 2020ರ ಡಿಸೆಂಬರ್ 2ರ ತೀರ್ಪಿನ ಪ್ರಕಾರ ಆ ದೃಶ್ಯಗಳನ್ನು 18 ತಿಂಗಳು, ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು. ಅವುಗಳ ಉಸ್ತುವಾರಿಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಸಮಿತಿಗಳಿರಬೇಕು.

ಪೊಲೀಸ್ ಡ್ರೋನಿಗೆ ಹೀಗೆ ಪ್ರತ್ಯೇಕವಾಗಿ ಬರೆದ ಕೇಂದ್ರ ಕಾನೂನಿಲ್ಲ. ಇರುವುದು 2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು. ಅವು ವಿಮಾನಯಾನದ ಸುರಕ್ಷತೆಗಾಗಿ ಬರೆದವು. 250 ಗ್ರಾಂವರೆಗೆ ನ್ಯಾನೊ, 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸ್ಮಾಲ್ ಎಂದು ತೂಕದ ಮೇಲೆ ವಿಂಗಡಣೆ. ಆಕಾಶಕ್ಕೆ ಹಸಿರು, ಹಳದಿ, ಕೆಂಪು ವಲಯ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅನುಮತಿ ಬೇಕಿಲ್ಲ. ಡಿಜಿಟಲ್ ಸ್ಕೈ ವೇದಿಕೆಯಲ್ಲಿ ನೋಂದಣಿಯಾಗಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿರಬೇಕು. ಕ್ಯಾಮೆರಾ ಯಾರ ಕಿಟಕಿಯೊಳಗೆ ಇಣುಕಬಾರದು, ಚಿತ್ರ ಎಷ್ಟು ದಿನ ಇಡಬಹುದು ಎಂಬ ಬಗ್ಗೆ ಅವು ಬಾಯಿ ಬಿಡುವುದಿಲ್ಲ. ಈ ನಿಯಮಗಳು ಅನ್ವಯವಾಗುವುದಿಲ್ಲ ಎಂದು ಹೇಳಿರುವುದು ಭೂಸೇನೆ, ನೌಕಾಪಡೆ, ವಾಯುಪಡೆಗಳ ಡ್ರೋನ್‌ಗಳಿಗೆ. ಆ ಸಾಲಿನಲ್ಲಿ ಪೊಲೀಸರ ಹೆಸರಿಲ್ಲ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ನಿಯಮ ಪತ್ರಕರ್ತರಿಗೂ ಹೋರಾಟಗಾರರಿಗೂ ಗೊತ್ತಿರಬೇಕು. ತುರ್ತು ಸಂದರ್ಭದಲ್ಲಿ ಒಂದು ಪ್ರದೇಶವನ್ನು ‘ತಾತ್ಕಾಲಿಕ ಕೆಂಪು ವಲಯ’ ಎಂದು ಘೋಷಿಸಿ ಡ್ರೋನ್ ಹಾರಾಟ ನಿಷೇಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ, ಪೊಲೀಸರಿಗೆ ಇದೆ. ಆದರೆ ಒಮ್ಮೆಗೆ 96 ಗಂಟೆ ಮಾತ್ರ, ಅದೂ ಎಸ್‌ಪಿ ದರ್ಜೆಗಿಂತ ಕೆಳಗಿನವರು ಹೊರಡಿಸುವಂತಿಲ್ಲ, ಡಿಜಿಟಲ್ ಸ್ಕೈನಲ್ಲಿ ಪ್ರಕಟವಾಗಬೇಕು. ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಬಾಯಿಮಾತಿನಲ್ಲಿ ‘ಇಲ್ಲಿ ನಿಷೇಧ’ ಎಂದರೆ ಆದೇಶದ ಪ್ರತಿ ಕೇಳಬಹುದು.

ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯೂ ಇಲ್ಲಿ ಹೆಚ್ಚು ಆಸರೆಯಾಗದು. ಅಪರಾಧ ತಡೆ, ಪತ್ತೆ, ತನಿಖೆಗಳಿಗೆ ಅದರಲ್ಲಿ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಸಂಸ್ಥೆಗಳಿಗಂತೂ ಕಾಯ್ದೆಯೇ ತಟ್ಟುವುದಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದು ಏನು? ಸಂವಿಧಾನ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಹತ್ತು ರೂಪಾಯಿಯ ಅರ್ಜಿ ಬರೆಯಲು ‘ನಮ್ಮಿಂದೇನಾಗುತ್ತದೆ’ ಎನ್ನುವವರು ಒಮ್ಮೆ ಅವರನ್ನು ನೆನೆಯಬೇಕು. ಆ ತೀರ್ಪು ಕೊಟ್ಟ ಅಳತೆಗೋಲು ಸರಳವಾಗಿದೆ. ಸರ್ಕಾರ ಖಾಸಗಿತನದೊಳಗೆ ಕಾಲಿಡಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕಾಲಿಡಬೇಕು. ಡ್ರೋನಿನ ವಿಷಯದಲ್ಲಿ ಮೊದಲ ಮೆಟ್ಟಿಲಲ್ಲೇ ಪ್ರಶ್ನೆ ಏಳುತ್ತದೆ. ಯಾವ ಕಾನೂನು?

ತಿಳಿಸಿ ಹಾರಿಸಲು ಬರುತ್ತದೆ

ಮುಂಚೆ ಹೇಳಿ ಡ್ರೋನ್ ಹಾರಿಸುವುದು ಅಸಾಧ್ಯ ಎನ್ನುವ ಅಧಿಕಾರಿಗಳಿಗೆ ಅವರದೇ ಸರ್ಕಾರದ ಉದಾಹರಣೆ ಕೊಡಬಹುದು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ಜಾಗವನ್ನು ಡ್ರೋನಿನಿಂದ ಅಳೆಯುತ್ತಾರೆ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಲ್ಲಿ ಮೊದಲು ಗ್ರಾಮಸಭೆಯಲ್ಲಿ ವಿಷಯ ತಿಳಿಸುತ್ತಾರೆ. ಊರಿನವರ ಎದುರೇ ಸುಣ್ಣದ ಪುಡಿಯಲ್ಲಿ ಗಡಿ ಗುರುತು ಹಾಕುತ್ತಾರೆ. ಆಮೇಲೆ ಡ್ರೋನ್ ಹಾರುತ್ತದೆ. ಕರಡು ನಕ್ಷೆ ತೋರಿಸಿ ಆಕ್ಷೇಪಣೆ ಕರೆಯುತ್ತಾರೆ. ಅಳತೆಯ ಡ್ರೋನಿಗೆ ಇಷ್ಟು ಶಿಸ್ತು ಸಾಧ್ಯವಾದರೆ ಬಂದೋಬಸ್ತಿನ ಡ್ರೋನಿಗೆ ಅರ್ಧದಷ್ಟಾದರೂ ಯಾಕಿರಬಾರದು? ಅಪರಾಧಿಯನ್ನು ಬೆನ್ನಟ್ಟುವಾಗ ಡಂಗುರ ಸಾರಲಾಗದು, ನಿಜ. ಫ್ರೀಡಂ ಪಾರ್ಕಿನಲ್ಲಿ ಅನುಮತಿ ಪಡೆದು ಕೂತವರಿಗೆ ‘ಇಲ್ಲಿ ಚಿತ್ರೀಕರಣವಿದೆ, ಇಂತಿಷ್ಟು ದಿನಕ್ಕೆ ಅಳಿಸುತ್ತೇವೆ’ ಎಂದು ಫಲಕ ಹಾಕಲು ಏನು ಕಷ್ಟ?

ಅಮೆರಿಕದ ಕ್ಯಾಲಿಫೋರ್ನಿಯಾದ ಚೂಲಾ ವಿಸ್ತಾ ಎಂಬ ಊರಿನ ಪೊಲೀಸರು ತಮ್ಮ ಡ್ರೋನ್ ಯಾವ ದಾರಿಯಲ್ಲಿ, ಯಾವ ಕರೆಗಾಗಿ ಹಾರಿತೆಂಬ ವಿವರವನ್ನು ಜಾಲತಾಣದಲ್ಲೇ ಹಾಕುತ್ತಾರೆ. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವೆಂದಲ್ಲ. ವಿಡಿಯೊಗಳನ್ನು ಕೇಳಿದ ಸ್ಥಳೀಯ ಪತ್ರಿಕೆಯ ಪ್ರಕಾಶಕರಿಗೆ ಎಲ್ಲವೂ ತನಿಖೆಯ ದಾಖಲೆ ಎಂದು ನಿರಾಕರಿಸಿದರು. ಅವರು ಕೋರ್ಟಿಗೆ ಹೋದರು. 2023ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಎಲ್ಲ ವಿಡಿಯೊಗಳನ್ನೂ ಒಂದೇ ಗಂಟು ಕಟ್ಟಿ ಮುಚ್ಚಿಡಲಾಗದು, ಬೇರೆ ಬೇರೆ ಮಾಡಿ ನೋಡಬೇಕು ಎಂದಿತು. ನಮ್ಮ ಮಾಹಿತಿ ಹಕ್ಕು ಕಾಯ್ದೆಯ 10ನೇ ಕಲಂ ಹೇಳುವುದೂ ಇದನ್ನೇ: ಕೊಡಲಾಗದ ಭಾಗ ಬೇರ್ಪಡಿಸಿ, ಉಳಿದದ್ದನ್ನು ಕೊಡಿ.

ಡ್ರೋನ್ ಕಂಡಾಗ

ಕಲ್ಲೆಸೆಯಬೇಡಿ, ಕೆಳಗೆ ಬೀಳಿಸಲು ನೋಡಬೇಡಿ. ಕೇಸು ನಿಮ್ಮ ಮೇಲೇ ಬೀಳುತ್ತದೆ, ಕೆಳಗಿದ್ದವರ ತಲೆಯೂ ಒಡೆಯಬಹುದು. ದಿನಾಂಕ, ಹೊತ್ತು, ಜಾಗ, ಎಷ್ಟು ಹೊತ್ತು ಒಂದೇ ಕಡೆ ನಿಂತಿತ್ತು, ಯಾವ ಮನೆ ಅಥವಾ ಗುಂಪಿನ ಮೇಲೆ ಎಂದು ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಚಿತ್ರೀಕರಿಸಿ. ಹಾರಿಸುವವರು ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತಾರೆ. ಪೊಲೀಸ್ ಜೀಪಿನ ಪಕ್ಕ ನಿಂತಿದ್ದಾರೋ, ಖಾಸಗಿ ಕಂಪನಿಯ ಟೀ ಶರ್ಟಿನಲ್ಲಿದ್ದಾರೋ ಗಮನಿಸಿ. ಬಾಡಿಗೆಗೆ ಕರೆಸಿದ ಖಾಸಗಿ ಆಪರೇಟರಾದರೆ ಪ್ರಶ್ನೆ ಇನ್ನೂ ಗಂಭೀರ: ಮೆಮೊರಿ ಕಾರ್ಡು ಯಾರ ಜೇಬಿನಲ್ಲಿ ಹೋಯಿತು?

ಯಾರ ಡ್ರೋನೆಂದು ತಿಳಿಯದಿದ್ದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ‘ನಮ್ಮದೇ’ ಎಂದರೆ ಅದೊಂದು ದಾಖಲೆ. ‘ನಮ್ಮದಲ್ಲ’ ಎಂದರೆ ತನಿಖೆ ಮಾಡಬೇಕಾದ ಹೊಣೆ ಅವರದು. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಯಾರೇ ಚಿತ್ರೀಕರಿಸಿದರೂ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ.

ಅದೇ ದಿನ ಇನ್ನೊಂದು ಪತ್ರ ಬರೆಯಿರಿ, ಇದನ್ನು ಬಹುತೇಕರು ಮರೆಯುತ್ತಾರೆ. ಎಸ್‌ಪಿ ಅಥವಾ ಡಿಸಿಪಿಗೆ, ಇಂಥ ದಿನ ಇಂಥ ಜಾಗದ ಡ್ರೋನ್ ದೃಶ್ಯಗಳನ್ನು ಅಳಿಸದೆ ಸಂರಕ್ಷಿಸಿಡಿ ಎಂದು. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಅಷ್ಟರಲ್ಲಿ ವಿಡಿಯೊ ಮಾಯವಾಗಬಹುದು. ಪ್ರತಿಭಟನೆಯಲ್ಲಿ ನಿಮ್ಮ ಮೇಲೆ ಸುಳ್ಳು ಪ್ರಕರಣ ಬಿದ್ದರೆ ನೀವು ಕಲ್ಲೆಸೆಯಲಿಲ್ಲ ಎಂಬುದಕ್ಕೆ ಆ ವಿಡಿಯೊವೇ ಸಾಕ್ಷಿಯಾದೀತು. ಆಗ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಅದನ್ನು ತರಿಸಿಕೊಡಿ ಎಂದು ನ್ಯಾಯಾಲಯವನ್ನು ಕೋರಬಹುದು. ಸಂರಕ್ಷಿಸಲು ಕೇಳಿದ ಪತ್ರ ಕೈಯಲ್ಲಿದ್ದರೆ ‘ಅಳಿಸಿಹೋಯಿತು’ ಎನ್ನುವುದು ಅಷ್ಟು ಸುಲಭವಲ್ಲ.

ಟೆಂಡರಿನಿಂದ ಶುರು ಮಾಡಿ

ಅರ್ಜಿ ಹಾಕುವ ಮೊದಲು ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲ್ ಕೆಪಿಪಿಪಿ ತೆರೆದು ಹುಡುಕಿ. 1999ರ ಪಾರದರ್ಶಕತೆ ಕಾಯ್ದೆಯಡಿ ಕರೆಯುವ ಟೆಂಡರುಗಳು ಅಲ್ಲಿ ಸಿಗುತ್ತವೆ. ಟೆಂಡರಿನ ತಾಂತ್ರಿಕ ಪುಟ ಪತ್ರಿಕಾಗೋಷ್ಠಿಗಿಂತ ಹೆಚ್ಚು ಮಾತಾಡುತ್ತದೆ. ಎಷ್ಟು ಪಟ್ಟು ಜೂಮ್, ರಾತ್ರಿ ಕಾಣುವ ಥರ್ಮಲ್ ಕ್ಯಾಮೆರಾ ಇದೆಯೇ, ಮುಖ ಗುರುತಿಸುವ ಸಾಫ್ಟ್‌ವೇರ್ ಜೋಡಿಸಬೇಕೆಂದಿದ್ದಾರೆಯೇ, ವಾಹನದ ನಂಬರ್ ಪ್ಲೇಟ್ ಓದುತ್ತದೆಯೇ, ದತ್ತಾಂಶ ಕಂಪನಿಯ ಸರ್ವರಿಗೆ ಹೋಗುತ್ತದೆಯೇ. ‘ಟ್ರಾಫಿಕ್ ನೋಡಲು’ ಎಂದು ಹೇಳಿ ಕೊಂಡ ಡ್ರೋನಿನಲ್ಲಿ ಮುಖ ಗುರುತಿಸುವ ತಂತ್ರಾಂಶ ಕೇಳಿದ್ದರೆ ನಿಮ್ಮ ಮೊದಲ ಪ್ರಶ್ನೆ ಸಿದ್ಧವಾಯಿತು.

ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದದ್ದೂ ಹೀಗೇ. ಅಲ್ಲಿನ ಪೊಲೀಸರು 2010ರಲ್ಲಿ ಕೇಂದ್ರದ ಅನುದಾನದಲ್ಲಿ ಡ್ರೋನ್ ಕೊಂಡಿದ್ದರು, ನಗರ ಸಭೆಯ ಸದಸ್ಯರಿಗೇ ಗೊತ್ತಿರಲಿಲ್ಲ. 2012ರಲ್ಲಿ ಒಂದು ನಾಗರಿಕ ಹಕ್ಕು ಸಂಸ್ಥೆ ದಾವೆ ಹೂಡಿ ವಿಮಾನಯಾನ ಇಲಾಖೆಯಿಂದ ಡ್ರೋನ್ ಪರವಾನಗಿಗಳ ಪಟ್ಟಿ ಹೊರತೆಗೆಸಿದಾಗ ಅದರಲ್ಲಿ ಸಿಯಾಟಲ್ ಪೊಲೀಸರ ಹೆಸರಿತ್ತು. ಜನ ಸಭೆಗಳಲ್ಲಿ ಎದ್ದು ನಿಂತು ಕೇಳಿದರು. 2013ರ ಫೆಬ್ರುವರಿಯಲ್ಲಿ ಮೇಯರ್ ಯೋಜನೆಯನ್ನೇ ಕೈಬಿಟ್ಟರು. ಆ ಊರಿನ ಜನರಿಗೆ ವಿಷಯ ತಿಳಿದದ್ದು ಆಕಾಶ ನೋಡಿ ಅಲ್ಲ, ಒಂದು ಪಟ್ಟಿ ಓದಿ.

ಅರ್ಜಿ ಬರೆಯುವ ಬಗೆ

ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲಿ ಒಂದು ತೊಡಕಿದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಉದ್ದನೆಯ ಪೀಠಿಕೆ ಬರೆದರೆ ಅದೇ ನೆಪದಲ್ಲಿ ಹಿಂಬರಹ ಬರುತ್ತದೆ. ಏಕೆ ಬೇಕೆಂದು ಕಾರಣ ಹೇಳಬೇಕಿಲ್ಲ, ಕಾಯ್ದೆಯ 6(2)ನೇ ಕಲಂ ಸ್ಪಷ್ಟವಾಗಿದೆ. ‘ಏಕೆ ಹಾರಿಸಿದಿರಿ?’ ಎಂದು ಕೇಳಿದರೆ ‘ವಿವರಣೆ ಕೊಡಲು ಬರುವುದಿಲ್ಲ’ ಎಂದು ತಳ್ಳಿಹಾಕಬಹುದು. ‘ಹಾರಿಸಲು ಅನುಮತಿ ಕೊಟ್ಟ ಟಿಪ್ಪಣಿ ಹಾಳೆಯ ಪ್ರತಿ’ ಎಂದು ಕೇಳಿದರೆ ಹಾಗೆ ಜಾರಲಾಗದು. ದಾಖಲೆಯನ್ನೇ ಕೇಳಿ. ಹೀಗೆ ಬರೆಯಬಹುದು:

ವಿಷಯ: ದಿನಾಂಕ … ರಂದು … ಪ್ರದೇಶದಲ್ಲಿ ನಡೆಸಿದ ಡ್ರೋನ್ ಚಿತ್ರೀಕರಣ. ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ನೀಡಬೇಕು. (1) ಡ್ರೋನ್ ನಿಯೋಜಿಸಿದ ಆದೇಶ ಮತ್ತು ಅದರ ಟಿಪ್ಪಣಿ ಹಾಳೆ. (2) ಬಳಸಿದ ಡ್ರೋನಿನ ವಿಶಿಷ್ಟ ಗುರುತಿನ ಸಂಖ್ಯೆಯ ಪ್ರಮಾಣಪತ್ರ. ಡ್ರೋನ್ ನಿಯಮಗಳಿಂದ ವಿನಾಯಿತಿ ಪಡೆದಿದ್ದರೆ ಆ ಆದೇಶ. (3) ಅಂದಿನ ಹಾರಾಟದ ಲಾಗ್. (4) ಡ್ರೋನ್ ಬಳಕೆಗೆ ಇಲಾಖೆ ಹೊರಡಿಸಿದ ಕಾರ್ಯವಿಧಾನ ಅಥವಾ ಸುತ್ತೋಲೆ. (5) ದೃಶ್ಯಗಳ ಸಂಗ್ರಹ, ಅವಧಿ, ಅಳಿಸುವಿಕೆ ಮತ್ತು ಇತರರಿಗೆ ಹಂಚಿಕೆ ಕುರಿತ ಲಿಖಿತ ನಿಯಮ. (6) ಖಾಸಗಿ ಆಪರೇಟರ್ ಇದ್ದಲ್ಲಿ ಅವರೊಂದಿಗಿನ ಒಪ್ಪಂದ.

ಇದನ್ನು ಎಸ್‌ಪಿ ಕಚೇರಿಯ, ಬೆಂಗಳೂರು, ಮೈಸೂರಿನಂಥ ನಗರಗಳಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. ನಮೂನೆ ‘ಎ’ಯಲ್ಲಿ ಬರೆದರೆ ತಕರಾರು ಕಡಿಮೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಮೂಲಕವೂ ಹಾಕಬಹುದು. ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ.

ಮೊದಲ ಅರ್ಜಿಯಲ್ಲೇ ವಿಡಿಯೊ ಕೇಳಬೇಡಿ ಎನ್ನುವುದು ನನ್ನ ಸಲಹೆ. ಅದರಲ್ಲಿ ಬೇರೆಯವರ ಮುಖಗಳಿರುತ್ತವೆ, ಅವರಿಗೂ ನಮ್ಮಷ್ಟೇ ಖಾಸಗಿತನವಿದೆ. ವೈಯಕ್ತಿಕ ಮಾಹಿತಿಯ ಹೆಸರಿನಲ್ಲಿ ನಿರಾಕರಿಸುವುದು ಸುಲಭ, 2023ರ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಆ ಕುರಿತ ಕಲಮನ್ನು ತಿದ್ದಿ ಅದನ್ನು ಇನ್ನೂ ಸುಲಭ ಮಾಡಿದೆ. ಆದರೆ ಆದೇಶದಲ್ಲಿ, ಸುತ್ತೋಲೆಯಲ್ಲಿ ಯಾರ ಖಾಸಗಿ ಬದುಕೂ ಇರುವುದಿಲ್ಲ.

ಒಬ್ಬರೇ ಅರ್ಜಿ ಹಾಕಲು ಅಳುಕಿದ್ದರೆ ಬಡಾವಣೆಯ ನಾಲ್ಕಾರು ಜನ ಒಂದೊಂದು ದಿನಾಂಕಕ್ಕೆ ಒಂದೊಂದು ಅರ್ಜಿ ಹಾಕಿ. ಮನೆ ವಿಳಾಸದ ಬದಲು ಅಂಚೆ ಪೆಟ್ಟಿಗೆ ಸಂಖ್ಯೆ ಕೊಟ್ಟರೆ ಸಾಕೆಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ.

ಉತ್ತರ ಓದುವ ಬಗೆ

‘8(1)(ಎ) ಅಡಿ ಭದ್ರತೆಯ ಕಾರಣ ನೀಡಲಾಗದು’ ಎಂಬ ಒಂದೇ ಸಾಲಿನ ಹಿಂಬರಹ ಬಂದರೆ ಎದೆಗುಂದಬೇಡಿ. ಕಲಂ ಸಂಖ್ಯೆ ಬರೆದರಷ್ಟೇ ಸಾಲದು, 7(8) ಪ್ರಕಾರ ಕಾರಣ ಕೊಡಬೇಕು, ಮೇಲ್ಮನವಿ ಪ್ರಾಧಿಕಾರದ ವಿವರ ಕೊಡಬೇಕು. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಭಾರ 19(5) ಪ್ರಕಾರ ಅಧಿಕಾರಿಯದು, ನಿಮ್ಮದಲ್ಲ. ‘ತನಿಖೆಗೆ ಅಡ್ಡಿ’ ಎಂದರೆ ದೆಹಲಿ ಹೈಕೋರ್ಟಿನ 2007ರ ಭಗತ್ ಸಿಂಗ್ ಪ್ರಕರಣದ ತೀರ್ಪನ್ನು ಉಲ್ಲೇಖಿಸಿ. ತನಿಖೆ ನಡೆಯುತ್ತಿದೆ ಎಂಬುದೊಂದೇ ಸಾಲದು, ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ಅದು ಹೇಳುತ್ತದೆ. ಸರ್ಕಾರ ಅಧಿಸೂಚಿಸಿ ಕಾಯ್ದೆಯಿಂದ ಹೊರಗಿಟ್ಟ ಗುಪ್ತಚರ, ಭದ್ರತಾ ಘಟಕಗಳಿವೆ. ಅವೂ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ವಿಷಯದಲ್ಲಿ ಉತ್ತರಿಸಬೇಕು.

ಎಲ್ಲಕ್ಕಿಂತ ಬೆಲೆಯುಳ್ಳ ಉತ್ತರ ಮೊದಲ ನೋಟಕ್ಕೆ ನಿರಾಶೆ ತರುವಂಥದ್ದು: ‘ಸದರಿ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ.’ ಇದನ್ನು ಹರಿದೆಸೆಯಬೇಡಿ. ನಾಲ್ಕನೇ, ಐದನೇ ಅಂಶಕ್ಕೆ ಈ ಉತ್ತರ ಬಂತೆಂದರೆ ಇಲಾಖೆ ಏನು ಒಪ್ಪಿಕೊಂಡಂತಾಯಿತು? ಡ್ರೋನ್ ಹಾರಿಸಲು ನಮ್ಮಲ್ಲಿ ಬರೆದ ನಿಯಮವಿಲ್ಲ, ವಿಡಿಯೊ ಎಷ್ಟು ದಿನ ಇಡಬೇಕೆಂಬುದಕ್ಕೂ ಇಲ್ಲ ಎಂದು ಸಹಿ ಮೊಹರಿನೊಂದಿಗೆ ಬರೆದುಕೊಟ್ಟಂತಾಯಿತು. ಪುಟ್ಟಸ್ವಾಮಿ ತೀರ್ಪಿನ ಮೊದಲ ಮೆಟ್ಟಿಲನ್ನೇ ಅವರು ಹತ್ತಿಲ್ಲ ಎಂಬುದಕ್ಕೆ ಅವರದೇ ಕಾಗದ ಸಾಕ್ಷಿ. ವಿಶಿಷ್ಟ ಗುರುತಿನ ಸಂಖ್ಯೆಯೂ ಇಲ್ಲ, ವಿನಾಯಿತಿ ಆದೇಶವೂ ಇಲ್ಲ ಎಂದರೆ ಇನ್ನೂ ಗಂಭೀರ, ಏಕೆಂದರೆ ಮೊದಲೇ ಹೇಳಿದಂತೆ ನಿಯಮಗಳು ಕೈಬಿಟ್ಟವರ ಸಾಲಿನಲ್ಲಿ ಪೊಲೀಸರಿಲ್ಲ.

ಉತ್ತರ ಸಿಕ್ಕಿ ಅಥವಾ 30 ದಿನ ಕಳೆದು, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ. ಅಲ್ಲಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಸರದಿ ಬರಲು ತಡವಾಗುತ್ತದೆ, ಕಾಯುವ ಹೊತ್ತಿನಲ್ಲಿ ಬೇರೆ ಬಾಗಿಲು ತಟ್ಟಬೇಕು.

ಬೇರೆ ಬಾಗಿಲುಗಳು

ಡ್ರೋನಿನಿಂದ ಬೆದರಿಕೆ, ದೌರ್ಜನ್ಯದಂಥ ಗಂಭೀರ ದುರ್ನಡತೆಯಾಗಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ, ಮಾನವ ಹಕ್ಕುಗಳ ಆಯೋಗವಿದೆ. ಖರೀದಿಯಲ್ಲಿ ಅವ್ಯವಹಾರ ಕಂಡರೆ ಲೋಕಾಯುಕ್ತ. ಡ್ರೋನಿನಿಂದ ದೌರ್ಜನ್ಯ ಎಂಬುದು ಉತ್ಪ್ರೇಕ್ಷೆಯಲ್ಲ. 2024ರ ಫೆಬ್ರುವರಿ 13ರಂದು ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ಡ್ರೋನಿನಿಂದ ರೈತರ ಮೇಲೆ ಅಶ್ರುವಾಯು ಶೆಲ್ ಉದುರಿಸಿದರು. ನೋಡುವ ಯಂತ್ರ ಹೊಡೆಯುವ ಯಂತ್ರವೂ ಆಯಿತು. ರೈತರು ಗಾಳಿಪಟ ಹಾರಿಸಿ ಅದರ ದಾರಕ್ಕೆ ಡ್ರೋನ್ ಸಿಕ್ಕಿಸಲು ನೋಡಿದರು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ನಡೆಯಿತು. ನಿಮ್ಮ ಡ್ರೋನ್ ನಮ್ಮ ಗಡಿಯೊಳಗೆ ಬರಬಾರದು ಎಂದು ಪಂಜಾಬಿನ ಪಟಿಯಾಲಾ ಜಿಲ್ಲಾಧಿಕಾರಿ ಅಂಬಾಲಾ ಜಿಲ್ಲಾಧಿಕಾರಿಗೆ ಪತ್ರ ಬರೆದರು. ಡ್ರೋನ್ ಯಾರ ವ್ಯಾಪ್ತಿಯಲ್ಲಿ ಹಾರಿತೆಂಬ ಪ್ರಶ್ನೆಯನ್ನು ಅಧಿಕಾರಿಯೇ ಅಧಿಕಾರಿಗೆ ಕೇಳುತ್ತಾರೆಂದ ಮೇಲೆ ನಾವು ಕೇಳಿದರೆ ತಪ್ಪೇನು?

ಡ್ರೋನಿನ ಕ್ಯಾಮೆರಾವನ್ನು ಸರ್ಕಾರದ ಕೆಲಸದ ಕಡೆಗೂ ತಿರುಗಿಸಬಹುದು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2021ರ ಜೂನ್‌ನಿಂದ ತನ್ನ ಕಾಮಗಾರಿಗಳನ್ನು ಪ್ರತಿ ತಿಂಗಳು ಡ್ರೋನಿನಲ್ಲಿ ಚಿತ್ರೀಕರಿಸಿ ಡೇಟಾ ಲೇಕ್ ಎಂಬ ತನ್ನ ಪೋರ್ಟಲ್‌ಗೆ ಹಾಕುವುದನ್ನು ಕಡ್ಡಾಯ ಮಾಡಿದೆ. ನಿಮ್ಮೂರಿನ ಪಕ್ಕದ ಹೆದ್ದಾರಿಯ ಸರ್ವಿಸ್ ರಸ್ತೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದರೆ ಕೇಂದ್ರದ ಆರ್‌ಟಿಐ ಪೋರ್ಟಲ್ ಮೂಲಕ ಆ ಭಾಗದ ತಿಂಗಳುವಾರು ವಿಡಿಯೊಗಳನ್ನು ಕೇಳಿ. ಕೆಲಸ ಮುಂದುವರಿದಿದೆ ಎಂದು ವರದಿಯಲ್ಲಿ ಬರೆದಿದ್ದ ತಿಂಗಳ ವಿಡಿಯೊದಲ್ಲಿ ಒಂದೂ ಯಂತ್ರ ಕಾಣದಿದ್ದರೆ ಆಮೇಲಿನ ಪ್ರಶ್ನೆ ನಿಮಗೇ ಹೊಳೆಯುತ್ತದೆ.

ಕೊನೆಯದಾಗಿ, ನಿಮ್ಮ ಶಾಸಕರು. ಆರ್‌ಟಿಐ ಉತ್ತರದ ಪ್ರತಿಯೊಂದಿಗೆ ಅವರ ಕಚೇರಿಗೆ ಹೋಗಿ, ಅಧಿವೇಶನ ಶುರುವಾಗುವುದಕ್ಕೆ ಸಾಕಷ್ಟು ಮೊದಲೇ. ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ನೀವೇ ಬರೆದುಕೊಟ್ಟರೆ ಒಳ್ಳೆಯದು: ರಾಜ್ಯ ಪೊಲೀಸ್ ಇಲಾಖೆಯ ಬಳಿ ಜಿಲ್ಲಾವಾರು ಎಷ್ಟು ಡ್ರೋನ್‌ಗಳಿವೆ, ಅವುಗಳ ಬಳಕೆಗೆ ಹೊರಡಿಸಿದ ಆದೇಶ ಯಾವುದು, ದೃಶ್ಯಗಳನ್ನು ಎಷ್ಟು ದಿನ ಇಡಲಾಗುತ್ತದೆ, ಮುಖ ಗುರುತಿಸುವ ತಂತ್ರಜ್ಞಾನಕ್ಕೆ ಅವುಗಳನ್ನು ಜೋಡಿಸಲಾಗಿದೆಯೇ. ಗೃಹ ಸಚಿವರು ಸದನದಲ್ಲಿ ಕೊಡುವ ಉತ್ತರ ದಾಖಲೆಯಾಗಿ ಉಳಿಯುತ್ತದೆ, ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತದೆ. ಆಡಳಿತ ಪಕ್ಷದ ಶಾಸಕರು ಹಿಂಜರಿದರೆ ವಿಧಾನ ಪರಿಷತ್ತಿನಲ್ಲಿ ನಿಮ್ಮ ಭಾಗದ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದ ಸದಸ್ಯರಿದ್ದಾರೆ, ಅವರ ಬಳಿ ಅದೇ ಹಾಳೆ ಕೊಡಿ.